ಮೂರನೇ ಆಡಿಷನ್ನೂ ಮೊದಲ ಸುತ್ತಲ್ಲೇ ಹೋಯಿತು. ಆರ್ಕೆಸ್ಟ್ರಾ ವಯಲಿನ್ ದಾರಿ ನನಗೆ ಆಗಿಬರುತ್ತಾ?

ಇ ತಂತಿ:

ವಯಸ್ಸು 23. ಆರನೇ ವಯಸ್ಸಿನಿಂದ ವಯಲಿನ್. ಹೋದ ವರ್ಷ ಸಂಗೀತದ ಪದವಿ ಮುಗಿಯಿತು. ಅಲ್ಲಿಂದ ಈಚೆಗೆ ಮೂರು ಆರ್ಕೆಸ್ಟ್ರಾ ಆಡಿಷನ್ ಕೊಟ್ಟೆ. ಮೂರರಲ್ಲೂ ಮೊದಲ ಸುತ್ತಲ್ಲೇ ಔಟ್.

ಮೊನ್ನೆಯದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳೆಸುತ್ತದೆ. ಕೈಯಲ್ಲಿ 47 ಅಂತ ಚೀಟಿ. ಒಳಗೆ ಕರೆದುಕೊಂಡು ಹೋದವರು ತುಟಿಯ ಮೇಲೆ ಬೆರಳಿಟ್ಟು ಮಾತಾಡಬೇಡಿ ಅಂತ ಸನ್ನೆ ಮಾಡಿದರು. ನೆಲಕ್ಕೆ ದಪ್ಪ ಕಾರ್ಪೆಟ್, ಎದುರಿಗೆ ಕಪ್ಪು ಪರದೆ. ಮೊಜಾರ್ಟ್ ಐದನೇ ಕನ್ಚರ್ಟೊದ (ಒಬ್ಬ ಸೋಲೋ ವಾದಕ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಆ ನಿಧಾನದ ಪ್ರವೇಶ ಮುಗಿಸಿ ವೇಗದ ಅಲ್ಲೆಗ್ರೊಗೆ ಬಂದೆ, ಅಷ್ಟೇ. ಪರದೆಯ ಆಚೆಯಿಂದ "ಥ್ಯಾಂಕ್ ಯೂ". ಆಮೇಲೆ ಸ್ಟ್ರಾಸ್‌ನ 'ಡಾನ್ ಹುವಾನ್' ಮೊದಲ ಪುಟ, ಶೂಮನ್ ಎರಡನೇ ಸಿಂಫನಿಯ ಸ್ಕೆರ್ಟ್ಸೊ ಅನ್ನುವ ವೇಗದ ಭಾಗ. ಮತ್ತೆ "ಥ್ಯಾಂಕ್ ಯೂ". ಹದಿನೇಳು ವರ್ಷದ ಅಭ್ಯಾಸ, ಒಳಗಿದ್ದದ್ದು ಆರು ನಿಮಿಷ.

ನನ್ನ ಗುರುಗಳು ನನ್ನನ್ನು ಸಿಬೇಲಿಯಸ್, ಚೈಕೋವ್‌ಸ್ಕಿ ಕನ್ಚರ್ಟೊಗಳ ಮೇಲೇ ಬೆಳೆಸಿದವರು. ಸೋಲೋ ಆಗದವರು ಆರ್ಕೆಸ್ಟ್ರಾಗೆ ಹೋಗುತ್ತಾರೆ ಅನ್ನುವುದು ಅವರ ಮಾತು. ಈಗ ನನಗೆ ಅಲ್ಲಿಗೂ ಹೋಗಲಾಗುತ್ತಿಲ್ಲ. ಪರದೆಯ ಆಚೆ ಕೂತವರು ಅಸಲಿಗೆ ಏನು ಕೇಳಿಸಿಕೊಳ್ಳುತ್ತಾರೆ? ಗೊತ್ತಿರುವವರು ದಯವಿಟ್ಟು ಮುಲಾಜಿಲ್ಲದೆ ಹೇಳಿ.

ಪರದೆಯಾಚೆ:

ನಾನು ಆಚೆ ಕೂತವರಲ್ಲಿ ಒಬ್ಬ. ನಿಮ್ಮ ಆಡಿಷನ್‌ನಲ್ಲಿ ಅಲ್ಲ, ಬೇರೆ ಕಡೆ, ಎಂಟು ಹತ್ತು ಸಲ.

ಬೆಳಿಗ್ಗೆಯಿಂದ ಅದೇ ಪುಟವನ್ನು ನಲವತ್ತು ಸಲ ಕೇಳಿರುತ್ತೇವೆ. ಅಷ್ಟು ಹೊತ್ತಿಗೆ ನಮ್ಮ ಕಿವಿಗೆ ಒಂದೇ ವಿಷಯ ಅಂಟಿಕೊಂಡಿರುತ್ತದೆ: ಲಯ. ಶ್ರುತಿ ಆಮೇಲೆ. ನಾದದ ಬಣ್ಣ, ಭಾವ ಎಲ್ಲ ಅದರ ನಂತರ. ಡಾನ್ ಹುವಾನ್ ಶುರುವಿನ ಆ ಮೇಲಕ್ಕೆ ಹಾರುವ ಓಟದಲ್ಲಿ ಹತ್ತರಲ್ಲಿ ಎಂಟು ಜನ ಓಡಿಬಿಡುತ್ತಾರೆ. ಬೆರಳು ತಪ್ಪಿದ್ದಕ್ಕಲ್ಲ, ಉತ್ಸಾಹಕ್ಕೆ. ಹತ್ತನೇ ಸೆಕೆಂಡಿಗೆ ನಾನು ಕಾಗದದ ಮೇಲೆ ಒಂದು ಗೆರೆ ಎಳೆದಿರುತ್ತೇನೆ.

ಆ ಪುಟ ಕೇಳುವುದು ನಿಮ್ಮ ಬೆರಳಿನ ವೇಗ ನೋಡುವುದಕ್ಕೆ ಅಂದುಕೊಂಡಿದ್ದೀರಾ? ಪಕ್ಕದಲ್ಲಿ ಇನ್ನೂ ಹದಿನೈದು ಜನ ಇದ್ದರೆ ಈ ಮನುಷ್ಯ ಅವರ ಜೊತೆ ಇರುತ್ತಾನಾ ಅನ್ನುವುದು ನಮ್ಮ ಪ್ರಶ್ನೆ. ಶೂಮನ್‌ನ ಸ್ಕೆರ್ಟ್ಸೊ ಕೇಳುವುದೂ ಅದಕ್ಕೇ. ಬಿಡುವಿಲ್ಲದ ಸಣ್ಣ ಸ್ವರಗಳು, ಕಮಾನು ತಂತಿಯ ಮೇಲೆ ಪುಟಿಯುತ್ತಲೇ ಇರಬೇಕು. ಸುಸ್ತಾದಾಗ ಲಯ ಎತ್ತ ವಾಲುತ್ತದೆ ಅಂತ ಅಲ್ಲಿ ಬೆತ್ತಲಾಗಿ ಕಾಣುತ್ತದೆ. ಮೊಜಾರ್ಟ್ ಸರಳ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದರಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಇನ್ನೊಂದು. ನಿಮ್ಮನ್ನು ಡಾನ್ ಹುವಾನ್ ಮತ್ತು ಶೂಮನ್ ತನಕ ಕೇಳಿದ್ದಾರೆ. ಮೊಜಾರ್ಟ್ ಆದ ತಕ್ಷಣ ಕಳಿಸುವ ಕಡೆಗಳೂ ಇವೆ. ಆದ್ದರಿಂದ ನೀವು ಅಂದುಕೊಂಡಷ್ಟು ಕೆಟ್ಟದಾಗಿ ನುಡಿಸಿಲ್ಲ.

ಒಳಗಿನ ಕುರ್ಚಿ:

ಹನ್ನೊಂದು ವರ್ಷದಿಂದ ಸೆಕೆಂಡ್ ವಯಲಿನ್‌ನಲ್ಲಿ ಇದ್ದೇನೆ, ಹಿಂದಿನಿಂದ ಎರಡನೇ ಡೆಸ್ಕ್ (ಒಂದೇ ಸ್ಟ್ಯಾಂಡ್ ಹಂಚಿಕೊಳ್ಳುವ ಇಬ್ಬರ ಜೋಡಿ), ಸಭಿಕರಿಂದ ದೂರದ ಒಳಗಿನ ಕುರ್ಚಿ. ಅಂದರೆ ಪುಟ ತಿರುಗಿಸುವವಳು ನಾನೇ.

ನಿಮ್ಮ ಗುರುಗಳ ಮಾತಿಗೆ ಮೊದಲು ಉತ್ತರ. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ 16 ಫಸ್ಟ್ ವಯಲಿನ್, 14 ಸೆಕೆಂಡ್. ಮೂವತ್ತು ಜನ. ಕೊಳಲು, ಓಬೋದವರು ಸದಾ ಒಬ್ಬೊಬ್ಬರೇ ಕೇಳಿಸುತ್ತಾರೆ, ನಮ್ಮಲ್ಲಿ ಯಾರೂ ಕೇಳಿಸಬಾರದು. ಮೂವತ್ತು ಜನ ಬೇರೆ ಬೇರೆ ಗುರುಗಳ ಹತ್ತಿರ ಕಲಿತು, ಬೇರೆ ಬೇರೆ ವಯಲಿನ್ ಹಿಡಿದು, ಒಂದೇ ದಪ್ಪದ ಒಂದು ಗೆರೆ ಎಳೆಯಬೇಕು. ಇದು ಸೋಲೋ ಕೆಲಸದ ಚಿಕ್ಕ ತಮ್ಮ ಅಲ್ಲ. ಬೇರೆಯೇ ಕಸುಬು.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ವಾರ ನಾನು ಹಿಂದಿನ ಡೆಸ್ಕಿನಲ್ಲಿ ಕೂತು ಚೆನ್ನಾಗಿ ಕಿವಿಗೊಟ್ಟು ನುಡಿಸಿದೆ. ಕಾಲೇಜಿನಲ್ಲಿ ಕಲಿಸಿದ್ದೇ ಅದು ಅಲ್ವಾ, ಕೇಳಿಸಿಕೊಂಡು ನುಡಿಸು ಅಂತ. ವಿರಾಮದಲ್ಲಿ ಡೆಸ್ಕಿನ ಜೊತೆಗಾರ ಮೆಲ್ಲಗೆ ಹೇಳಿದರು, "ನೀವು ಯಾವಾಗಲೂ ಒಂದು ಕೂದಲೆಳೆ ತಡ." ನನಗೆ ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮುಂದಿನ ಡೆಸ್ಕು ನನ್ನಿಂದ ಹತ್ತು ಮೀಟರ್ ದೂರ ಇದ್ದರೆ ಅವರ ಸ್ವರ ನನಗೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ತಡವಾಗಿ ಮುಟ್ಟುತ್ತದೆ. ಅದನ್ನು ಕೇಳಿಸಿಕೊಂಡು ನಾನು ಹೊರಟರೆ ಸಭಿಕರಿಗೆ ಇನ್ನಷ್ಟು ತಡ. ಅಂದರೆ ಹಿಂದೆ ಕೂತವರು ಕಿವಿಯಿಂದ ನುಡಿಸುವ ಹಾಗಿಲ್ಲ, ಕಣ್ಣಿಂದ ನುಡಿಸಬೇಕು. ಕನ್ಸರ್ಟ್‌ಮಾಸ್ಟರ್, ಅಂದರೆ ಎಲ್ಲರ ಮುಂದೆ ಕೂರುವ ಮುಖ್ಯ ವಯಲಿನ್ ವಾದಕರು, ಕಮಾನು ಎತ್ತುವ ಮೊದಲು ಉಸಿರು ಎಳೆಯುತ್ತಾರಲ್ಲ, ಆ ಭುಜ ಏರುವುದನ್ನು ನೋಡಬೇಕು. ಕಂಡಕ್ಟರ್ ಕೈ ಇನ್ನೊಂದು ಕಣ್ಣಲ್ಲಿ. ಕಿವಿಗೆ ಕೇಳಿಸುತ್ತಿರುವುದು ತಡವಾಗಿದೆ ಅಂತ ಗೊತ್ತಿದ್ದೂ ಅದಕ್ಕೆ ಸೋಲದೆ ನುಡಿಸಬೇಕು.

ಇದನ್ನು ಯಾವ ಸೋಲೋ ಪಾಠದಲ್ಲಿ ಕಲಿಸುತ್ತಾರೆ ಹೇಳಿ. ನನಗೆ ಕೈಗೆ ಹತ್ತಲು ಎರಡು ವರ್ಷ ಬೇಕಾಯಿತು.

ಏಕಾಂಗಿ:

ಕ್ಷಮಿಸಿ, ಸ್ವಲ್ಪ ಕಹಿ ಮಾತು. ಇದನ್ನೆಲ್ಲ ಕಸುಬು ಅನ್ನಬಹುದು, ಸಂಗೀತ ಅಂತ ಹೇಗೆ ಅನ್ನುವುದು? ಎಲ್ಲಿ ಕಮಾನು ಎತ್ತಬೇಕು, ಎಲ್ಲಿ ಇಳಿಸಬೇಕು, ಎಷ್ಟು ಮೆಲ್ಲಗೆ, ಎಷ್ಟು ಜೋರು, ಎಲ್ಲ ಬೇರೆಯವರೇ ತೀರ್ಮಾನ ಮಾಡುತ್ತಾರೆ. ನನ್ನ ಜೊತೆ ಓದಿದ ಮೂರು ಜನ ಆರ್ಕೆಸ್ಟ್ರಾ ಸೇರಿದರು. ಐದು ವರ್ಷದಲ್ಲಿ ಮೂವರೂ ವಯಲಿನ್ ಬಗ್ಗೆ ಮಾತಾಡುವುದನ್ನೇ ಬಿಟ್ಟರು. ಮಾತೆಲ್ಲ ರಜೆ, ಪಾಳಿ, ಪಿಂಚಣಿ.

ಒಳಗಿನ ಕುರ್ಚಿ:

@ಏಕಾಂಗಿ, ಇದರಲ್ಲಿ ಅರ್ಧ ನಿಜ. ಕಮಾನಿನ ಗುರುತಿನ ಕಥೆ ಕೇಳಿ. ಮುಂದಿನ ಡೆಸ್ಕಿನವರು ಒಂದು ಜಾಗದಲ್ಲಿ ಕಮಾನು ಎಳೆಯುವ ದಿಕ್ಕು ಬದಲಾಯಿಸುತ್ತಾರೆ. ಅದು ಪಿಸುಮಾತಲ್ಲಿ ಡೆಸ್ಕಿನಿಂದ ಡೆಸ್ಕಿಗೆ ಹಿಂದಕ್ಕೆ ಬರುತ್ತದೆ. ನನ್ನ ತನಕ ಬಂದು ನಾನು ಪೆನ್ಸಿಲಲ್ಲಿ ಗುರುತು ಹಾಕುವ ಹೊತ್ತಿಗೆ ಮುಂದೆ ಮತ್ತೆ ಬದಲಾಗಿರುತ್ತದೆ. ನಮ್ಮ ಪುಟಗಳಲ್ಲಿ ಕಾಗದಕ್ಕಿಂತ ರಬ್ಬರ್ ಪುಡಿ ಜಾಸ್ತಿ. ಬ್ರೂಕ್ನರ್ ಸಿಂಫನಿಗಳಲ್ಲಿ ಪುಟಗಟ್ಟಲೆ ಬರೀ ಟ್ರೆಮೊಲೊ. ಕಮಾನಿನ ತುದಿಯಲ್ಲಿ ನಡುಗಿಸುತ್ತಲೇ ಇರಬೇಕು, ಮೊಣಕೈ ಬೆಂಕಿಯಾಗುತ್ತದೆ. ಆಗ ಕಲೆ ಗಿಲೆ ಏನೂ ನೆನಪಾಗುವುದಿಲ್ಲ.

ಆದರೆ ಬೀಥೋವನ್ ಒಂಬತ್ತನೇ ಸಿಂಫನಿಯ ಮೂರನೇ ಭಾಗ ಬಂದಾಗ ನೋಡಿ. ಫಸ್ಟ್ ವಯಲಿನ್‌ನವರದು ಆ ಉದ್ದದ, ಹೆಣೆದುಕೊಂಡು ಹೋಗುವ ಸಾಲುಗಳು. ನಾವು ಸೆಕೆಂಡ್‌ನವರು ಕೆಳಗೆ ಮೆಲ್ಲಗೆ ನೆಲ ಹಾಕಿಕೊಡುತ್ತೇವೆ. ಹೋದ ಸಲ ನುಡಿಸುವಾಗ ನನ್ನ ವಯಲಿನ್ ನನಗೇ ಕೇಳಿಸುತ್ತಿರಲಿಲ್ಲ. ತಂತಿ ನಡುಗುವುದು ಗದ್ದದ ಎಲುಬಿಗೆ ತಿಳಿಯುತ್ತಿತ್ತು, ಅಷ್ಟೇ. ಅದನ್ನು ಒಂಟಿಯಾಗಿ ಕೂತು ಯಾರೂ ನುಡಿಸಲಾರರು. ನಿಮ್ಮ ಸ್ನೇಹಿತರು ಪಿಂಚಣಿ ಮಾತಾಡಿದರೆ ಮಾತಾಡಲಿ ಬಿಡಿ, ಎಲ್ಲ ಕೆಲಸದಲ್ಲೂ ಜನ ಅದನ್ನೇ ಮಾತಾಡುತ್ತಾರೆ.

ಹದಿನಾಲ್ಕರ ಅಮ್ಮ:

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗಳಿಗೆ 14. ಆರ್ಕೆಸ್ಟ್ರಾ ಅಂದರೆ ಪ್ರಾಣ. ಈಗಿನಿಂದಲೇ ಏನು ಮಾಡಬೇಕು? ಪರದೆ ಹಾಕಿ ಆಡಿಷನ್ ಮಾಡುವುದು ಹೆಣ್ಣುಮಕ್ಕಳಿಗೆ ಒಳ್ಳೆಯದು ಅಂತ ಎಲ್ಲೋ ಓದಿದ್ದೆ, ನಿಜವಾ?

ಪರದೆಯಾಚೆ:

ಅಮ್ಮ, ಪರದೆ ವಿಷಯ ಮೊದಲು. ಬಾಸ್ಟನ್ ಸಿಂಫನಿ 1952ರಲ್ಲೇ ಪರದೆ ಕಟ್ಟಿ ಆಡಿಷನ್ ಮಾಡಿತು. ಅಮೆರಿಕದ ಬೇರೆ ಕಡೆ ಅದು ಹರಡಿದ್ದು ಹೆಚ್ಚಾಗಿ 1970ರ ದಶಕದಿಂದ ಈಚೆಗೆ. ಮೇಲೆ ಅವರು ಬರೆದಿದ್ದಾರಲ್ಲ ಕಾರ್ಪೆಟ್ ಅಂತ, ಅದು ಹಿಮ್ಮಡಿ ಸದ್ದಿಗೆ. ಗಂಡೋ ಹೆಣ್ಣೋ ನಡಿಗೆಯಲ್ಲೇ ಗೊತ್ತಾಗಬಾರದು. ಪರದೆಯಿಂದ ಹೆಣ್ಣುಮಕ್ಕಳು ಮುಂದಿನ ಸುತ್ತಿಗೆ ಹೋಗುವುದು ಹೆಚ್ಚಿತು ಅಂತ 2000ದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಬರೆದರು, ಅದು ತುಂಬಾ ಹೆಸರು ಮಾಡಿತು. ಆ ಅಂಕಿಗಳು ಅಷ್ಟು ಗಟ್ಟಿ ಇಲ್ಲ ಅಂತ ಆಮೇಲೆ ಬೇರೆಯವರು ತಕರಾರು ತೆಗೆದರು. ನನ್ನ ಅನುಭವಕ್ಕೆ ಕೇಳಿದರೆ, ಪರದೆ ಇದ್ದಾಗ ನಾನೇ ಹೆಚ್ಚು ಪ್ರಾಮಾಣಿಕ. ಪರದೆ ತೆಗೆದ ಕೊನೇ ಸುತ್ತಲ್ಲಿ ಯಾರ ಶಿಷ್ಯ, ಎಲ್ಲಿ ನೋಡಿದ್ದೆ ಅಂತ ತಲೆ ಬೇಡ ಅಂದರೂ ಓಡುತ್ತದೆ.

ಬಾಗಿಲು ಎಷ್ಟು ತಡವಾಗಿ ತೆರೆಯಿತು ಅನ್ನುವುದಕ್ಕೆ: ಬರ್ಲಿನ್ ಫಿಲ್ಹಾರ್ಮೊನಿಕ್ ಶುರುವಾದದ್ದು 1882ರಲ್ಲಿ. ಮೊದಲ ಮಹಿಳೆ, ವಯಲಿನ್ ವಾದಕಿ ಮಡಲೀನ್ ಕರೂಟ್ಸೊ, ಸೇರಿದ್ದು 1982ರಲ್ಲಿ. ಸರಿಯಾಗಿ ನೂರು ವರ್ಷ. ಅಲ್ಲಿ ಮಹಿಳೆಯೊಬ್ಬರು ಕನ್ಸರ್ಟ್‌ಮಾಸ್ಟರ್ ಆದದ್ದು 2023ರಲ್ಲಿ, ವಿನೆಟಾ ಸರೈಕಾ. ವಿಯೆನ್ನಾ ಫಿಲ್ಹಾರ್ಮೊನಿಕ್ 1997ರ ತನಕ ಮಹಿಳೆಯರನ್ನು ಸದಸ್ಯರಾಗಿ ತೆಗೆದುಕೊಳ್ಳಲೇ ಇಲ್ಲ. ಈಗ ಅಲ್ಲಿನ ಕನ್ಸರ್ಟ್‌ಮಾಸ್ಟರ್‌ಗಳಲ್ಲಿ ಅಲ್ಬೆನಾ ದನೈಲೋವಾ ಇದ್ದಾರೆ.

ಮಗಳಿಗೆ ಈಗ ಮಾಡಬೇಕಾದ್ದು ಒಂದೇ, ಯೂತ್ ಆರ್ಕೆಸ್ಟ್ರಾ. ಎಷ್ಟು ಚಿಕ್ಕದಾದರೂ ಸರಿ. ಬ್ರಿಟನ್ನಿನ ರಾಷ್ಟ್ರೀಯ ಯೂತ್ ಆರ್ಕೆಸ್ಟ್ರಾ 1948ರಿಂದ ಇದೆ. ಯುರೋಪಿಯನ್ ಯೂನಿಯನ್ ಯೂತ್ ಆರ್ಕೆಸ್ಟ್ರಾ 1976ರದು, ಕ್ಲಾಡಿಯೊ ಅಬ್ಬಾಡೊ ಅದರ ಮೊದಲ ಸಂಗೀತ ನಿರ್ದೇಶಕರು. ಅವರೇ ವಿಯೆನ್ನಾದಲ್ಲಿ 1986ರಲ್ಲಿ ಗುಸ್ತಾಫ್ ಮಾಲರ್ ಯೂತ್ ಆರ್ಕೆಸ್ಟ್ರಾ ಕಟ್ಟಿದರು. ಓದು ಮುಗಿದ ಮೇಲಿನ ಮೆಟ್ಟಿಲು ಅಕಾಡೆಮಿಗಳದು. ಬರ್ಲಿನ್ ಫಿಲ್ಹಾರ್ಮೊನಿಕ್‌ನ ಕರಾಯನ್ ಅಕಾಡೆಮಿ 1972ರದು, ಆರ್ಕೆಸ್ಟ್ರಾ ಜೊತೆಯಲ್ಲೇ ಕೂತು ನುಡಿಸುತ್ತಾ ಕಲಿಯುವುದು. ಮಯಾಮಿ ಬೀಚ್‌ನ ನ್ಯೂ ವರ್ಲ್ಡ್ ಸಿಂಫನಿ 1987ರದು. @ಇ ತಂತಿ, ನಿಮ್ಮ ವಯಸ್ಸಿಗೆ ಅಕಾಡೆಮಿ ದಾರಿ ಇನ್ನೂ ತೆರೆದೇ ಇದೆ. ನೇರ ಕಾಯಂ ಕುರ್ಚಿಗೆ ಹಾರುವ ಬದಲು ಅದನ್ನು ನೋಡಿದ್ದೀರಾ?

ಇ ತಂತಿ:

ಇಲ್ಲ ಸರ್. ಅಕಾಡೆಮಿ ಅಂದರೆ ಮತ್ತೆ ವಿದ್ಯಾರ್ಥಿ ಆದ ಹಾಗೆ ಅಂತ ಅಂದುಕೊಂಡಿದ್ದೆ. ಸುಮ್ನೆ ಜಂಬ ಅನ್ನಿ.

ಲಯದ ಮಾತು ಓದಿ ನಿನ್ನೆ ರಾತ್ರಿ ನನ್ನ ಡಾನ್ ಹುವಾನ್ ರೆಕಾರ್ಡ್ ಮಾಡಿದೆ. ಆಮೇಲೆ ಮೆಟ್ರೊನೋಮ್ ಹಾಕಿ ಅದರ ಜೊತೆ ಕೇಳಿದೆ. ಒಂದೇ ಪುಟದಲ್ಲಿ ನಾನು ನಾಲ್ಕು ಕಡೆ ಓಡಿದ್ದೇನೆ. ಉದ್ದದ ಸ್ವರ ಬಂದಲ್ಲೆಲ್ಲ ಪೂರ್ತಿ ಹಿಡಿಯದೆ ಮುಂದಕ್ಕೆ ಜಿಗಿದಿದ್ದೇನೆ. ನಾಚಿಕೆಯಾಯಿತು. ಮೂರು ಆಡಿಷನ್‌ಗೂ ಇದನ್ನೇ ನುಡಿಸಿದ್ದೇನಲ್ಲ!

ವಾಪಸ್ ಬಂದವನು:

ನಾನು ಆಡಿಷನ್ ಗೆದ್ದು, ಆಮೇಲಿನ ಪರೀಕ್ಷಾ ಅವಧಿಯಲ್ಲಿ ಬಿದ್ದವನು. ಆಡಿಷನ್ ಗೆದ್ದರೆ ಎಲ್ಲ ಮುಗಿಯಿತು ಅಂತ ಅಂದುಕೊಂಡವರಿಗೆ ಇದೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಜರ್ಮನಿಯ ಆರ್ಕೆಸ್ಟ್ರಾಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷ ಪರೀಕ್ಷೆ, ಕೊನೆಗೆ ಜೊತೆಯವರೇ ವೋಟು ಹಾಕುತ್ತಾರೆ. ಅಮೆರಿಕದಲ್ಲಿ ಒಂದೆರಡು ಸೀಸನ್. ಬ್ರಿಟನ್ನಿನಲ್ಲಿ ಹತ್ತಾರು ಕಛೇರಿಗಳಿಗೆ ಕರೆದು ನುಡಿಸಿ ನೋಡುತ್ತಾರೆ, ತಿಂಗಳುಗಟ್ಟಲೆ ಎಳೆಯುತ್ತದೆ. ವಿಯೆನ್ನಾದಲ್ಲಿ ಮೊದಲು ಸ್ಟೇಟ್ ಒಪೆರಾದ ಆರ್ಕೆಸ್ಟ್ರಾ ಸೇರಿ, ಅಲ್ಲಿ ಮೂರು ವರ್ಷ ನುಡಿಸಿದ ಮೇಲೆ ಫಿಲ್ಹಾರ್ಮೊನಿಕ್‌ಗೆ ಅರ್ಜಿ.

ನನ್ನದು ಒಂದು ವರ್ಷದ್ದು. ಒಂಬತ್ತನೇ ತಿಂಗಳಲ್ಲಿ ಕರೆದು ಹೇಳಿದರು, ಆಗುವುದಿಲ್ಲ ಅಂತ. ಕಾರಣ ಕೇಳಿದ್ದಕ್ಕೆ "ಹೊಂದಿಕೆ ಆಗುತ್ತಿಲ್ಲ" ಅಂತ ಒಂದೇ ಮಾತು. ಅವತ್ತು ಅದು ಮನುಷ್ಯರ ರಾಜಕೀಯ ಅಂತಲೇ ನಂಬಿದ್ದೆ. ಸ್ವಲ್ಪ ಇತ್ತೇನೋ. ಆದರೆ ಎರಡು ವರ್ಷ ಆದ ಮೇಲೆ ಆಗಿನ ಒಂದು ಕಛೇರಿಯ ರೆಕಾರ್ಡಿಂಗ್ ಕೇಳಿದೆ. ಮೆಲ್ಲಗಿನ ಜಾಗದಲ್ಲಿ ಒಂದು ವೈಬ್ರಾಟೊ (ಬೆರಳಿನಿಂದ ಸ್ವರ ನಡುಗಿಸುವುದು) ಎದ್ದು ಕಾಣುತ್ತಿತ್ತು, ಅಗಲವಾಗಿ, ಬೇರೆಯವರಿಗಿಂತ ಚೂರು ಮುಂಚೆ. ಯಾರಪ್ಪ ಇವನು ಅಂದುಕೊಂಡೆ. ನಾನೇ.

ಈಗ ಪಾಠ ಹೇಳುತ್ತೇನೆ, ಎರಡು ಆರ್ಕೆಸ್ಟ್ರಾಗಳಿಗೆ ಬದಲಿಯಾಗಿ ಹೋಗಿ ನುಡಿಸುತ್ತೇನೆ. ಕೊರಗು ಇಲ್ಲ ಅಂದರೆ ಸುಳ್ಳು.

ಕಮಾನು ಕೂದಲು:

ನಾನು ನುಡಿಸುವವನಲ್ಲ, ರಿಪೇರಿ ಮಾಡುವವನು. ಎರಡು ಮಾತು.

ಒಂದು, ಸೋಲೋಗೆ ಅಂತ ಜೋರಾಗಿ ಮಿನುಗುವ ವಯಲಿನ್ ಇಟ್ಟುಕೊಂಡವರು ಆಡಿಷನ್‌ಗೆ ಅದನ್ನೇ ತರುತ್ತಾರೆ. ಎಲ್ಲಕ್ಕಿಂತ ಮೇಲಿನ ಸ್ವರದ ಇ ತಂತಿ ಕೀರಲಾಗಿದ್ದರೆ ಸ್ಕೆರ್ಟ್ಸೊದ ಮೆಲುದನಿಯ ಜಾಗದಲ್ಲಿ ಪರದೆ ದಾಟಿ ಚುಚ್ಚುತ್ತದೆ. (ಹೆಸರು ಹಾಗಿಟ್ಟುಕೊಂಡವರು ಬೇಜಾರಾಗಬೇಡಿ.) ತಂತಿ ಬದಲಿಸಿ, ಒಳಗಿನ ಸೌಂಡ್‌ಪೋಸ್ಟ್ ಅನ್ನುವ ಸಣ್ಣ ಮರದ ಕಡ್ಡಿಯನ್ನು ಒಂದು ಕೂದಲೆಳೆ ಸರಿಸಿದರೆ ಎಷ್ಟೋ ಸರಿಹೋಗುತ್ತದೆ. ಆಡಿಷನ್ ಹಿಂದಿನ ದಿನ ಮಾತ್ರ ಏನೂ ಬದಲಿಸಬೇಡಿ.

ಎರಡು, ಕಮಾನು. ಹಳೆಯ ಒಳ್ಳೆಯ ಕಮಾನುಗಳು ಬ್ರೆಜಿಲ್‌ನ ಪರ್ನಂಬುಕೊ ಮರದ್ದು. 2007ರಿಂದ ಆ ಮರದ ಮೇಲೆ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಇದೆ. ತುದಿಯಲ್ಲಿ ಆನೆದಂತದ ಚೂರು ಇದ್ದರಂತೂ ಗಡಿ ದಾಟುವಾಗ ತಲೆನೋವು. 2014ರಲ್ಲಿ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾದ ಏಳು ಕಮಾನುಗಳನ್ನು ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಹಿಡಿದಿಟ್ಟುಕೊಂಡಿದ್ದರು. ಬೇರೆ ದೇಶದ ಆಡಿಷನ್‌ಗೆ ಹೋಗುವವರು ಕಾಗದಪತ್ರ ನೋಡಿಕೊಳ್ಳಿ, ಇಲ್ಲವೇ ಕಾರ್ಬನ್ ಫೈಬರ್ ಕಮಾನು ಒಯ್ಯಿರಿ.

ಹದಿನಾಲ್ಕರ ಅಮ್ಮ:

ಮೈಕೈ ನೋವಿನ ಬಗ್ಗೆಯೂ ಯಾರಾದರೂ ಹೇಳಿ. ಮಗಳು ಈಗಲೇ ಎಡಭುಜ ನೋವು ಅನ್ನುತ್ತಾಳೆ.

ಒಳಗಿನ ಕುರ್ಚಿ:

ಅಮ್ಮ, ಅದನ್ನು ಸಹಿಸಿಕೋ ಅಂತ ಮಾತ್ರ ಹೇಳಬೇಡಿ. ಮೊದಲು ಭುಜದ ರೆಸ್ಟ್, ಗದ್ದದ ರೆಸ್ಟ್ ಎತ್ತರ ಅವಳ ಕತ್ತಿಗೆ ಸರಿ ಇದೆಯಾ ನೋಡಿಸಿ. ಬೆಳೆಯುವ ವಯಸ್ಸು, ಹೋದ ವರ್ಷದ ಅಳತೆ ಈ ವರ್ಷಕ್ಕೆ ಆಗಿಬರುವುದಿಲ್ಲ. ಆದರೂ ನೋವು ಉಳಿದರೆ ವೈದ್ಯರಿಗೆ ತೋರಿಸಿ. 1980ರ ದಶಕದಲ್ಲಿ ಅಮೆರಿಕದ ಆರ್ಕೆಸ್ಟ್ರಾಗಳ ಎರಡು ಸಾವಿರಕ್ಕೂ ಹೆಚ್ಚು ವಾದಕರನ್ನು ಕೇಳಿದಾಗ, ನುಡಿಸುವುದಕ್ಕೇ ಅಡ್ಡಿಯಾಗುವಂಥ ತೊಂದರೆ ಒಂದಾದರೂ ಇದೆ ಅಂದವರು ನೂರಕ್ಕೆ 76. ನಮ್ಮಲ್ಲಿ ಎಲ್ಲರೂ ನೋವು ಮುಚ್ಚಿಟ್ಟುಕೊಳ್ಳುತ್ತಾರೆ, ಕುರ್ಚಿ ಹೋದೀತು ಅಂತ.

ಕಿವಿಯೂ ಅಷ್ಟೇ. ವಯಲಿನ್ ಎಡಗಿವಿಯ ಕೆಳಗೇ ಇರುತ್ತದೆ, ಜೊತೆಗೆ ಹಿಂದಿನಿಂದ ಬ್ರಾಸ್, ಅಂದರೆ ತುತ್ತೂರಿ ಜಾತಿಯ ವಾದ್ಯಗಳು. 2012ರಲ್ಲಿ ಲಂಡನ್ನಿನ ರಾಯಲ್ ಒಪೆರಾ ಹೌಸ್‌ನಲ್ಲಿ ವ್ಯಾಗ್ನರ್ ಒಪೆರಾದ ರಿಹರ್ಸಲ್ ವೇಳೆ ಬ್ರಾಸ್‌ನವರ ಮುಂದೆ ಕೂತಿದ್ದ ವಿಯೋಲಾ ವಾದಕರೊಬ್ಬರ ಶ್ರವಣ ಹಾಳಾಯಿತು. 2018ರಲ್ಲಿ ಅವರು ಕೋರ್ಟಿನಲ್ಲಿ ಗೆದ್ದರು. ವಾದಕರಿಗೆ ಅಂತಲೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ. ಚಿಕ್ಕಂದಿನಿಂದ ಅಭ್ಯಾಸವಾದರೆ ಒಳ್ಳೆಯದು, ನನ್ನ ವಯಸ್ಸಿಗೆ ಶುರು ಮಾಡಿದರೆ ನೀರೊಳಗೆ ನುಡಿಸಿದ ಹಾಗಿರುತ್ತದೆ.

ಇ ತಂತಿ:

ಆರು ವಾರದ ನಂತರ ಬರೆಯುತ್ತಿದ್ದೇನೆ. ಒಂದು ಅಕಾಡೆಮಿಗೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ಬೆಳಿಗ್ಗೆ ಎದ್ದು ಕೈ ಬೆಚ್ಚಗಾಗುವ ಮುಂಚೆಯೇ ಶೂಮನ್ ಒಂದು ಸಲ ನುಡಿಸಿ ರೆಕಾರ್ಡ್ ಮಾಡುತ್ತೇನೆ. ಎರಡನೇ ಅವಕಾಶ ಇಲ್ಲ ಅಂದುಕೊಂಡು. ಮೊದಲ ವಾರದ್ದು ಕೇಳಲಾಗುವುದಿಲ್ಲ. ಈ ವಾರದ್ದು ಪರವಾಗಿಲ್ಲ.

ನಿನ್ನೆ ಒಂದು ಫೋನ್ ಬಂತು. ಯಾರಿಗೋ ಹುಷಾರಿಲ್ಲ, ಬರುವ ವಾರ ಬ್ರಾಮ್ಸ್ ನಾಲ್ಕನೇ ಸಿಂಫನಿಗೆ ಬದಲಿಯಾಗಿ ಬರುತ್ತೀರಾ ಅಂತ. ಸೆಕೆಂಡ್ ವಯಲಿನ್, ಐದನೇ ಡೆಸ್ಕ್, ಒಳಗಿನ ಕುರ್ಚಿ. ಹೂಂ ಅಂದುಬಿಟ್ಟೆ. ಆಮೇಲೆ ಹೊಳೆಯಿತು, ಪುಟ ತಿರುಗಿಸುವುದು ನಾನು! ಕಾಲೇಜಲ್ಲಿ ಯಾವಾಗಲೂ ಹೊರಗಿನ ಕುರ್ಚಿಯಲ್ಲೇ ಕೂತಿದ್ದೆ. @ಒಳಗಿನ ಕುರ್ಚಿ ಮೇಡಂ, ಕಾಪಾಡಿ.

ಒಳಗಿನ ಕುರ್ಚಿ:

ಶಭಾಷ್. ಕೇಳಿ. ರಿಹರ್ಸಲ್‌ಗೆ ಅರ್ಧ ಗಂಟೆ ಮುಂಚೆ ಹೋಗಿ, ಪ್ರತಿ ಬಲಪುಟದ ಕೆಳಗಿನ ಮೂಲೆ ಒಂಚೂರು ಮೇಲಕ್ಕೆ ಮಡಚಿಡಿ, ಬೆರಳಿಗೆ ಸಿಗುವಷ್ಟು. ಪುಟದ ಕೊನೇ ಸಾಲು ಮುಗಿಯುವ ಮುಂಚೆಯೇ ನುಡಿಸುವುದು ನಿಲ್ಲಿಸಿ. ಕೊನೇ ಸ್ವರದ ತನಕ ನುಡಿಸಿ ಆಮೇಲೆ ತಿರುಗಿಸುತ್ತೇನೆ ಅನ್ನುವ ಧೈರ್ಯ ಬೇಡ. ನೀವು ನಾಲ್ಕು ಸ್ವರ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಜೊತೆಗಾರರಿಗೆ ಮುಂದಿನ ಸಾಲು ಕಾಣದಿದ್ದರೆ ಡೆಸ್ಕೇ ಮುಗಿಯಿತು. ಕಮಾನನ್ನು ಎಡಗೈಗೆ ದಾಟಿಸಿಕೊಂಡು ಬಲಗೈಯಲ್ಲಿ ತಿರುಗಿಸಿ, ಮೆಲ್ಲಗಿನ ಜಾಗದಲ್ಲಿ ಕಾಗದ ಸದ್ದು ಮಾಡದ ಹಾಗೆ. ಒಂದೇ ಜಾಗದಲ್ಲಿ ಮೇಲೊಂದು ಕೆಳಗೊಂದು ಸ್ವರ ಬರೆದಿದ್ದರೆ ಕೆಳಗಿನದು ನಿಮ್ಮದು, ಮೇಲಿನದು ಜೊತೆಗಾರರದು.

ಮತ್ತೆ ಪೆನ್ಸಿಲ್. ಎರಡು ಒಯ್ಯಿರಿ. ಒಂದು ಖಂಡಿತ ಬೀಳುತ್ತದೆ, ಅದೂ ಎಲ್ಲರೂ ಸುಮ್ಮನಿದ್ದಾಗಲೇ.